ಏಳನೆಯ ಹೆಸರು

ದೆವ್ವ, ಗಾಳಿ, ಮೈಮೇಲೆ ಬರುವುದು, ಇವುಗಳ ಬಗ್ಗೆ ನನ್ನ ನಿಲುವು ಬಹಳ ಕಾಲ ಸ್ಪಷ್ಟವಾಗಿತ್ತು: ಇಲ್ಲ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಹಾಜರಿ ಕೂಗಿದವನು ನಾನು. ಹೆಸರು ಕೂಗಿದಾಗ ಉತ್ತರ ಬಂದರೆ ಹುಡುಗ ಇದ್ದಾನೆ, ಬರದಿದ್ದರೆ ಇಲ್ಲ. ಇದಕ್ಕಿಂತ ದೊಡ್ಡ ವೇದಾಂತ ನನಗೆ ಬೇಕಾಗಿರಲಿಲ್ಲ. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ಕೇಳುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನಾಕ್‌ಔಟ್ ಕಬಡ್ಡಿ ಪಂದ್ಯಾವಳಿ ಶುರುವಾಗಿ ಆಗ ಎರಡನೇ ವರ್ಷ. ಒಮ್ಮೆ ಸೋತವರು ಸೀದಾ ಮನೆಗೆ. ಹನ್ನೊಂದು ತಂಡ, ಸುಣ್ಣದ ಪುಡಿಯಲ್ಲಿ ಎಳೆದ ಗೆರೆ, ಒಂದು ವಿಸಿಲ್, ಮತ್ತು ಕಾರ್ಯದರ್ಶಿ ಎಂಬ ಪದವಿ ಹೊತ್ತ ನಾನು. ಮೊದಲ ವರ್ಷ ಎಲ್ಲೆಲ್ಲಿಂದಲೋ ಆಟಗಾರರನ್ನು ಕರೆತಂದು ನಮ್ಮವರೇ ಎಂದು ಸಾಧಿಸಿದವರಿದ್ದರು. ಅಂಕಣದಲ್ಲಿ ಆದ ಕುಸ್ತಿಗಿಂತ ಹೊರಗೆ ಆದದ್ದೇ ಹೆಚ್ಚು. ಹಾಗಾಗಿ ಬೇಸಿಗೆ ರಜೆಯಲ್ಲಿ ಕೂತು ಹದಿನಾಲ್ಕು ನಿಯಮ ಬರೆದೆ. ದೇಶದ ಸಂವಿಧಾನ ಬರೆದವರಿಗೂ ಅಷ್ಟು ಹೆಮ್ಮೆ ಆಗಿರಲಿಕ್ಕಿಲ್ಲ. ಅದರಲ್ಲಿ ಎರಡು ಇಲ್ಲಿ ಮುಖ್ಯ. ತಂಡದ ಏಳು ಹೆಸರಿನ ಪಟ್ಟಿ ಕೊಟ್ಟ ಮೇಲೆ ಒಂದನ್ನು ತೆಗೆಯುವಂತಿಲ್ಲ, ಸೇರಿಸುವಂತಿಲ್ಲ. ಪ್ರತಿ ಆಟಕ್ಕೆ ಮುಂಚೆ ಕಾರ್ಯದರ್ಶಿ ಹೆಸರು ಕೂಗುತ್ತಾನೆ. ಏಳೂ ಜನ ಉತ್ತರ ಕೊಡದಿದ್ದರೆ ಎದುರು ತಂಡ ಗೆದ್ದಂತೆ.

ಆಟದ ಹೊತ್ತು ಗೊತ್ತು ಮಾಡುತ್ತಿದ್ದುದು ಮಾತ್ರ ನಾನಲ್ಲ, ಲೋಡ್ ಶೆಡ್ಡಿಂಗ್. ನಮ್ಮದು ಪವರ್‌ಲೂಮ್ ಬೀದಿ. ಕರೆಂಟ್ ಇರುವ ತನಕ ಯಾರೂ ಮಗ್ಗ ಬಿಟ್ಟು ಬರುವುದಿಲ್ಲ, ಬಂದರೂ ಆ ಗದ್ದಲದಲ್ಲಿ ವಿಸಿಲ್ ಕೇಳುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಕರೆಂಟ್ ಹೋದರೆ ನಾಲ್ಕಕ್ಕೆ ಬರುತ್ತಿತ್ತು. ಊರೆಲ್ಲ ಬೈಯುವ ಆ ಎರಡು ಗಂಟೆಗಾಗಿ ನಾವು ಕಾದು ಕೂರುತ್ತಿದ್ದೆವು. ಮಗ್ಗಗಳೆಲ್ಲ ಒಮ್ಮೆಗೇ ನಿಂತಾಗ ಬೀದಿಗೆ ಕಿವುಡು ಬಂದಂತಾಗುತ್ತಿತ್ತು.

ನಮ್ಮ ಬೀದಿ ತಂಡದ ಪಟ್ಟಿಯಲ್ಲಿ ಏಳನೆಯ ಹೆಸರು ಶಂಕರನದು. ನನ್ನ ಹಳೆಯ ವಿದ್ಯಾರ್ಥಿ. ಶಾಲೆಗಿಂತ ಶಾಲೆಯ ಗೋಡೆಯ ಮೇಲೆ ಹೆಚ್ಚು ಕೂತವನು. ಅವನ ಮಗ್ಗದ ಶೆಡ್ಡು ಅಂಕಣದ ಪಕ್ಕದಲ್ಲೇ, ನಡುವೆ ಒಂದೇ ಗೋಡೆ. ಆ ಮಗ್ಗಕ್ಕೆ ಒಂದು ಕುಂಟು ಇತ್ತು. ಮೂರು ಬಡಿತ ಬಡಿದು ಅರ್ಧ ಕ್ಷಣ ತಡವರಿಸಿ ಮತ್ತೆ ಮೂರು. ರಿಪೇರಿ ಮಾಡಿಸೋ ಎಂದರೆ, "ಕುಂಟ್ಲಿ ಬಿಡಿ ಮೇಷ್ಟ್ರೇ, ನಾನು ಕೆಲಸ ಮಾಡ್ತಾ ಇದೀನಿ ಅಂತ ನಮ್ಮಮ್ಮಂಗೆ ಗೊತ್ತಾಗುತ್ತೆ" ಅನ್ನುತ್ತಿದ್ದ.

ಮೊದಲ ಸುತ್ತನ್ನು ಗೆಲ್ಲಿಸಿದವನು ಅವನೇ. ಅದಾದ ವಾರಕ್ಕೆ ಕಾಮಾಲೆ ಹಿಡಿಯಿತು. ಹನ್ನೆರಡನೇ ದಿನ ತೀರಿಕೊಂಡ. ತಾಯಿ ಪುಟ್ಟಮ್ಮ ಶೆಡ್ಡಿನ ಫ್ಯೂಸ್ ಕಿತ್ತಿಟ್ಟು, ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಎರಡನೇ ಸುತ್ತಿಗೆ ನಮ್ಮವರು ಆರೇ ಜನ ಬಂದರು. ನಾಯಕ ಶಂಕರನ ತಮ್ಮ ನಾಗರಾಜ. ಬೋಳಿಸಿದ ತಲೆಯಲ್ಲಿ ಇನ್ನೂ ಕೂದಲು ಚಿಗುರಿರಲಿಲ್ಲ. ಅಣ್ಣನ ಜಾಗ ಖಾಲಿ ಬಿಟ್ಟು ಆಡುತ್ತೇವೆ, ಈ ವರ್ಷದ ಕಪ್ ಗೆದ್ದು ಅವನ ಫೋಟೋದ ಮುಂದೆ ಇಡಬೇಕು ಎಂದ. ಎದುರು ತಂಡ ಮಾಕಳಿದುರ್ಗದ ಕಡೆಯ ಹುಡುಗರದು. ಅವರ ನಾಯಕ, ನಾವೂ ಒಬ್ಬನನ್ನು ಕೂರಿಸುತ್ತೇವೆ ಎಂದ. ಅಲ್ಲಿದ್ದವರಲ್ಲಿ ಒಪ್ಪದವನು ಒಬ್ಬನೇ, ಹದಿನಾಲ್ಕು ನಿಯಮಗಳ ಕರ್ತೃ. ಇವತ್ತು ಬಗ್ಗಿದರೆ ನಾಳೆ ಎಲ್ಲರೂ ಒಂದೊಂದು ಕಾರಣ ಹಿಡಿದು ಬರುತ್ತಾರೆ ಎಂದು ಭಾಷಣ ಮಾಡಿದೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾಗರಾಜ ವಾದ ಮಾಡಲಿಲ್ಲ. "ಕೂಗಿ ಮೇಷ್ಟ್ರೇ. ಕೂಗ್ಬಿಟ್ಟು, ನಮ್ಮಣ್ಣ ಬರ್ಲಿಲ್ಲ ಅಂತ ನಿಮ್ಮ ಕೈಯಲ್ಲೇ ಬರ್ಕೊಳ್ಳಿ," ಎಂದ.

ಕೂಗಿದೆ. ಆರು ಹೆಸರಿಗೆ ಆರು ಉತ್ತರ. ಏಳನೆಯದನ್ನು ಕೂಗುವಾಗ ದನಿ ಸ್ವಲ್ಪ ಇಳಿಯಿತು, ಆದರೂ ಕೂಗಿದೆ. ಅಡ್ಡಗೆರೆ ಎಳೆಯಲು ಪೆನ್ನು ಊರಿದೆ.

ಆಗ ಗೋಡೆಯಾಚೆ ಮಗ್ಗ ಬಡಿಯಿತು. ಮೂರು ಬಡಿತ, ಒಂದು ಕುಂಟು, ಮತ್ತೆ ಮೂರು. ನಿಂತಿತು.

ಅಲ್ಲಿ ನೂರು ಜನವಾದರೂ ಇದ್ದೆವು. ಒಬ್ಬರೂ ಕೇಳಿಸಲಿಲ್ಲ ಎನ್ನಲಿಲ್ಲ, ಕೇಳಿಸಿತು ಎಂದೂ ಅನ್ನಲಿಲ್ಲ. ಕೊನೆಗೆ ಎದುರು ತಂಡದ ನಾಯಕನೇ ಮೆಲ್ಲಗೆ, "ಬರ್ಕೊಳ್ಳಿ ಸಾರ್, ಏಳು ಜನ," ಎಂದ. ನಾನು ಹಾಜರಿ ಹಾಕಿದೆ.

ನಮ್ಮವರು ಗೆದ್ದರು ಎಂದು ಬರೆಯಲು ಆಸೆ. ಎರಡು ಪಾಯಿಂಟಿನಲ್ಲಿ ಸೋತರು. ಗೆದ್ದವರೂ ಕೂಗಾಡದೆ ಸೈಕಲ್ ಹತ್ತಿ ಹೋದರು.

ಆಟ ಮುಗಿದ ಮೇಲೆ ಶೆಡ್ಡು ತೆಗೆಸಿ ನೋಡಿದೆ. ಕೀಲಿ ಪುಟ್ಟಮ್ಮನ ಸೊಂಟದಲ್ಲೇ ಇತ್ತು. ಅವರು ಮೊದಲಿಂದಲೂ ಅಂಕಣದ ಪಕ್ಕ ಚಾಪೆ ಮೇಲೆ ಕೂತಿದ್ದರು. ಇರುವುದು ಒಂದೇ ಬಾಗಿಲು. ಕಿತ್ತಿಟ್ಟ ಫ್ಯೂಸ್ ಗೋಡೆಯ ಗೂಡಿನಲ್ಲಿ ಕಾಗದ ಸುತ್ತಿಕೊಂಡು ಹಾಗೇ ಇತ್ತು. ಮಗ್ಗದ ಮೇಲೆ ಅರ್ಧ ನೇಯ್ದ ಹಸಿರು ಸೀರೆ, ಅದರ ಮೇಲೆ ಧೂಳು. ಕರೆಂಟ್ ಒಂದು ಕ್ಷಣ ಬಂದಿದ್ದೀತು ಎಂದರೆ ಬೀದಿಯ ಬೇರೆ ಮಗ್ಗಗಳು ಯಾಕೆ ಸುಮ್ಮನಿದ್ದವು? ಆಮೇಲೆ ಇನ್ನೂ ಹಲವು ಕಾರಣ ಹುಡುಕಿದೆ. ಒಂದೂ ನಿಲ್ಲಲಿಲ್ಲ.

ನಾವು ಒಳಗಿರುವಾಗಲೇ ನಾಲ್ಕಾಯಿತು. ಕರೆಂಟ್ ಬಂತು, ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳತೊಡಗಿದವು, ಇದೊಂದನ್ನು ಬಿಟ್ಟು. ಪುಟ್ಟಮ್ಮ ನನ್ನ ಕಿವಿಯ ಹತ್ತಿರ ಬಂದು, "ಇನ್ನೊಂದ್ಸಲ ಕೂಗ್ತೀರಾ ಮೇಷ್ಟ್ರೇ?" ಎಂದರು.

ಈ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲವಮ್ಮ ಎಂದೆ.

"ನಾಳೆ ಎರಡು ಗಂಟೆಗೆ ಮತ್ತೆ ಹೋಗುತ್ತಲ್ಲ. ಆಗ ಬನ್ನಿ. ನಾನು ಕೂತಿರ್ತೀನಿ."

ಆಗಲಿ ಎಂದೆ. ಕೂಗಿದರೆ ಉತ್ತರ ಬರದೇ ಹೋದೀತೆಂದು ಹೆದರಿದೆನೋ, ಬಂದೀತೆಂದು ಹೆದರಿದೆನೋ, ಇವತ್ತಿಗೂ ತಿಳಿಯದು. ಮಾರನೆಯ ದಿನ ಎರಡರಿಂದ ನಾಲ್ಕರವರೆಗೆ ಅವರು ಚಾಪೆ ಹಾಸಿಕೊಂಡು ಕಾದರಂತೆ. ನಾನು ಶಾಲೆಯಲ್ಲಿ ಕೆಲಸವಿದೆ ಎಂದು ಹೇಳಿಕಳಿಸಿದ್ದೆ. ಅಂದು ಭಾನುವಾರ.