ಅಂಗಾರನನ್ನು ತೆಗೆಯಿರಿ ಎಂದ ಚೀಟಿ

ಮುಂಬಯಿಯ ಕುರ್ಲಾ ಸ್ಟೇಷನ್ನಿನ ಹೊರಗಿನ ರಮಾನಾಥರ ಹೋಟೆಲಿನಲ್ಲಿ ಬೆಂಕಿಯ ಉಸ್ತುವಾರಿಯೆಲ್ಲ ಅಂಗಾರನದು. ಇಪ್ಪತ್ತೆರಡು ವರ್ಷಗಳಿಂದ ಕಲ್ಲಿದ್ದಲ ಭಟ್ಟಿ ಹೊತ್ತಿಸುವವನು, ಕೆದಕುವವನು, ಕೆಮ್ಮುವವನು ಅವನೇ. ದೋಸೆಕಲ್ಲಿನ ಮೇಲೆ ನೀರು ಚಿಮುಕಿಸಿ, ಸದ್ದು ಕೇಳಿಯೇ ‘ಈಗ ಹೊಯ್ಯಿ’ ಎನ್ನುತ್ತಿದ್ದ. ಮಂಗಳವಾರ, ಅಂದರೆ ತುಳುವಿನ ‘ಅಂಗಾರೆ’ಯಂದು, ಹುಟ್ಟಿದವನಾದ್ದರಿಂದ ತುಳುನಾಡಿನ ತಾಯಿ ಆ ಹೆಸರಿಟ್ಟಿದ್ದಳು.

ಅಲ್ಲಿ ಎರಡು ಹೊತ್ತು ಉಣ್ಣುತ್ತಿದ್ದ ಕೇಶವಮೂರ್ತಿ ಮೈಸೂರು ಕಡೆಯವನು, ಜೋಗೇಶ್ವರಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಲೋಕಲ್ ರೈಲಿನಲ್ಲಿ ಮೂವರ ಬೆಂಚಿನ ನಾಲ್ಕನೆಯ ಸೀಟಿಗಾಗಿ ಜಗಳವಾಡಿ ಕಲಿತ ಮರಾಠಿ ಅವನದು. ಅದಕ್ಕೆ ಅವನು ತಾನೇ ನೂರಕ್ಕೆ ತೊಂಬತ್ತು ಅಂಕ ಕೊಟ್ಟುಕೊಂಡಿದ್ದ.

ಎಂಬತ್ತೆಂಟರಲ್ಲಿ ಮೇಲಿನ ಬಿಲ್ಡಿಂಗಿನವರು ಹೊಗೆಯ ಮೇಲೆ ದೂರು ಕೊಟ್ಟರು. ಮುನಿಸಿಪಾಲಿಟಿಯ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಅಂಗಾರ ಸುಮ್ಮನಿರಲಿಲ್ಲ. “ಹೊಗೆ ಬೇಡ, ದೋಸೆ ಮಾತ್ರ ಬೇಕಾ?” ಎಂದುಬಿಟ್ಟ. ಸಾಹೇಬರು ಮರಾಠಿಯಲ್ಲಿ ಚೀಟಿ ಗೀಚಿ ಗಲ್ಲಾದ ಮೇಲಿಟ್ಟು ಹೋದರು.

ರಮಾನಾಥರು ಕನ್ನಡಕ ಹುಡುಕುವಷ್ಟರಲ್ಲಿ ಕೇಶವಮೂರ್ತಿ ಚೀಟಿ ಎತ್ತಿಕೊಂಡ. “ಕೊಡಿ ಇಲ್ಲಿ, ನಾನಿದೀನಲ್ಲ. ‘ಅಂಗಾರ ಕಾಢಾ, ಗ್ಯಾಸ್ ಲಾವಾ.’ ಅಂದ್ರೆ, ಅಂಗಾರನ್ನ ತೆಗೀರಿ, ಗ್ಯಾಸ್ ಹಾಕಿ.”

ಎಲ್ಲರೂ ಭಟ್ಟಿಯ ಬಳಿಯಿದ್ದ ಅಂಗಾರನತ್ತ ತಿರುಗಿದರು.

“ನಿನ್ನ ಬಾಯಿ ಸುಮ್ಮನಿರ್ಬೇಕಿತ್ತು ಮಾರಾಯ,” ಎಂದರು ರಮಾನಾಥರು. ಅಂಗಾರ ಕೈ ತೊಳೆದುಕೊಂಡು ಬಂದ. ಆ ವಾರವಿಡೀ ಅವನು ಎಂದಿನಂತೆ ಭಟ್ಟಿ ಹೊತ್ತಿಸಿದ. ಅವನ ಟ್ರಂಕು ಮಾತ್ರ ಹಿಂಬಾಗಿಲ ಬಳಿ ಕಟ್ಟಿ ಕೂತಿತ್ತು. ಕೇಶವಮೂರ್ತಿಗೆ ದೋಸೆ ರುಚಿಸಲಿಲ್ಲ. ಬಿಡಲೂ ಇಲ್ಲ, ಎರಡೆರಡು ತಿಂದ.

ಮುಂದಿನ ಸೋಮವಾರ ಸಾಹೇಬರು ಮತ್ತೆ ಬಂದರು. ರಮಾನಾಥರು ಕೈಮುಗಿದು ಮರಾಠಿಯಲ್ಲೇ ಅಂಗಲಾಚಿದರು: ಬಾಯಿ ಜೋರು, ಮನಸ್ಸು ಒಳ್ಳೆಯದು, ಹೆಂಡತಿಗೆ ಕಾಯಿಲೆ, ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುತ್ತಾನೆ?

“ಯಾರು?”

“ಅಂಗಾರ, ಸಾಹೇಬ್.”

ಸಾಹೇಬರು ಭಟ್ಟಿಯೊಳಗಿನ ಕೆಂಡಕ್ಕೆ ಬೆರಳು ತೋರಿಸಿ ಕಿರುಚಿದರು: “ಅಂಗಾರ್! ಹಾ ಅಂಗಾರ್!”

ಹೋಟೆಲೇ ನಕ್ಕಿತು. ಹೈಸ್ಕೂಲಿನಲ್ಲಿ ಸಂಸ್ಕೃತಕ್ಕೆ ಬಹುಮಾನ ಪಡೆದಿದ್ದ ಕೇಶವಮೂರ್ತಿ, ಅಂಗಾರವೆಂದರೆ ಕೆಂಡ ಎಂಬುದನ್ನು ಆಗ ನೆನೆದು, ಸಾಂಬಾರಿನ ಬಟ್ಟಲಲ್ಲಿ ಮುಖ ಹುದುಗಿಸಿದ.

ನಗದವನು ಅಂಗಾರ ಒಬ್ಬನೇ. “ಮೂರ್ತಿಯವ್ರು ಓದಿದ್ದು ಸರಿಯೇ ಉಂಟು,” ಎಂದ. “ಕೆಂಡ ಹೋದ ಮೇಲೆ ನಾನು ಎಂತಕ್ಕೆ?”

ಹೋಗಿ ಟ್ರಂಕಿನ ಹಗ್ಗ ಇನ್ನಷ್ಟು ಬಿಗಿದ.

ಗ್ಯಾಸ್ ಬಂತು. ಮೊದಲ ಬೆಳಿಗ್ಗೆ ದೋಸೆ ಹೊಯ್ಯುವ ಶೇಖರ ಗುಂಡಿಯನ್ನು ಪೂರ್ತಿ ತಿರುಗಿಸಿದ. ಮೂರು ದೋಸೆ ಕರಕಲಾದವು. ಉರಿ ಇಳಿಸಿದ, ಮುಂದಿನವು ಕಲ್ಲಿಗೇ ಅಂಟಿದವು. ಗಿರಾಕಿಗಳು ತಟ್ಟೆ ಬಡಿಯತೊಡಗಿದರು. ಟ್ರಂಕಿನ ಮೇಲೆ ಕೂತಿದ್ದ ಅಂಗಾರನಿಗೆ ತಡೆಯಲಾಗಲಿಲ್ಲ. ಎದ್ದು ಬಂದು ನೀರು ಚಿಮುಕಿಸಿ ಕಿವಿಗೊಟ್ಟ.

“ಕಲ್ಲು ಇನ್ನೂ ಮಲಗಿದೆ. ಸ್ವಲ್ಪ ಏರಿಸು... ಹಾಂ, ಸಾಕು. ಈಗ ಹೊಯ್ಯಿ.”

ದೋಸೆ ತಾನಾಗಿಯೇ ಕಲ್ಲು ಬಿಟ್ಟಿತು.

ರಮಾನಾಥರು ಗಲ್ಲಾದಿಂದಲೇ ಕೂಗಿದರು: “ಶೇಖರಾ, ಇನ್ನು ಆ ಗುಂಡಿಗೆ ಅಂಗಾರ ಬಿಟ್ಟು ಬೇರೆಯವ್ರು ಕೈ ಹಾಕ್ಬಾರ್ದು!”

ಮಧ್ಯಾಹ್ನ ಟ್ರಂಕು ಅಟ್ಟಕ್ಕೆ ಹೋಯಿತು. ಅಂಗಾರ ತಾನೇ ತಟ್ಟೆ ಹಿಡಿದು ಕೇಶವಮೂರ್ತಿಯ ಮೇಜಿಗೆ ಬಂದ. ಬೆಳಗಿನಿಂದ ಒಮ್ಮೆಯೂ ಕೆಮ್ಮಿರಲಿಲ್ಲ.

“ತಿನ್ನಿ ಮಾರಾಯ್ರೆ. ಇನ್ನು ಚೀಟಿ ಬಂದ್ರೆ ಮಾತ್ರ ಧಣಿಗಳ ಕನ್ನಡಕ ಸಿಗುವವರೆಗೆ ಕಾಯಿರಿ.”