ಹಳದೀಪುರದ ನನ್ನ ಮನೆಗಳು

ಮದುವೆಗೆ ಮುಂಚೆ ನಾನೂ ಅತ್ತಿಗೆಯೂ ಕರ್ಕಿಯಿಂದ ಹಳದೀಪುರಕ್ಕೆ ಮೀನು ಮಾರಲು ಹೋಗುತ್ತಿದ್ದೆವು. ಕೆಳಗಿನ ಕೇರಿ ಅವಳದು, ಮೇಲಿನ ಕೇರಿ ನನ್ನದು. ಒಬ್ಬಳ ಮನೆಗಳಿಗೆ ಇನ್ನೊಬ್ಬಳು ಬುಟ್ಟಿ ಇಳಿಸುವ ಹಾಗಿಲ್ಲ. ಮೀನು ಮಾರುವವರಲ್ಲಿ ಅದು ಕಟ್ಟುನಿಟ್ಟು. ಮಾರಾಟ ಮುಗಿದ ಮೇಲೆ ಬಸ್ಸಿಗೆ ಕಾಯುತ್ತ, ಯಾವ ಮನೆಯಾಕೆ ಬಂಗಡೆಯ ಕಿವಿರು ಎತ್ತಿ ಎತ್ತಿ ನೋಡಿದಳು ಎಂದು ಅತ್ತಿಗೆ ನಟಿಸಿ ತೋರಿಸುವಳು. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಗುತ್ತಿತ್ತು. ಸ್ವಂತ ಅಣ್ಣನಿಗಿಂತ ಅವಳೇ ನನಗೆ ಹತ್ತಿರ.

ಮದುವೆಯಾಗಿ ಭಟ್ಕಳಕ್ಕೆ ಹೋದೆ. ಗಂಡನದು ಆಫೀಸಿನ ಕೆಲಸ. ಒಂದು ದಿನ ಅತ್ತೆಯ ಜೊತೆ ಬಸ್ಸಿನಲ್ಲಿ ಬರುವಾಗ ಹೊನ್ನಾವರದಲ್ಲಿ ಅತ್ತಿಗೆ ಬುಟ್ಟಿ ಹೊತ್ತು ನಿಂತಿದ್ದಳು. ನನ್ನನ್ನು ಕಂಡು ಬಾಯ್ತುಂಬ ನಕ್ಕಳು. ನಾನು, ದೊಡ್ಡ ಆಫೀಸರನ ಹೆಂಡತಿ ನೋಡಿ, ಆಚೆ ಮುಖ ಮಾಡಿದೆ! ಆಮೇಲೆ ಹಬ್ಬಕ್ಕೆ ತವರಿಗೆ ಹೋದಾಗಲೆಲ್ಲ ಅವಳು ಚೆನ್ನಾಗಿಯೇ ಬಡಿಸಿದಳು, ಆದರೆ ಯಾರ ನಟನೆಯನ್ನೂ ಮಾಡಿ ತೋರಿಸಲಿಲ್ಲ. ನಾಲ್ಕು ವರ್ಷ ನಾನು ಆ ನಗುವಿಗಾಗಿ ಒಳಗೊಳಗೇ ಹಲುಬಿದೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ.

ಕಳೆದ ವರ್ಷ ಕುಮಟಾದಲ್ಲಿ ಗಂಡನ ಕಡೆಯವರ ಮದುವೆ. ಒಬ್ಬಳೇ ಬಸ್ಸು ಹತ್ತಿದ್ದೆ. ಹಳದೀಪುರದಲ್ಲಿ ಕಿಟಕಿಯಾಚೆ ನೋಡುತ್ತೇನೆ, ಅತ್ತಿಗೆ! ಒಂದು ಬುಟ್ಟಿ ತಲೆಯ ಮೇಲೆ, ಇನ್ನೊಂದು ಕಾಲಬುಡದಲ್ಲಿ. ಕಂಡಕ್ಟರ್ ಬೈಯುತ್ತಿದ್ದರೂ ದಡಬಡ ಇಳಿದೆ.

"ಪಟ್ಟೆ ಸೀರೆ ಉಟ್ಕಂಡು ಇಲ್ಲಿ ಎಂತಕ್ಕೆ ಇಳಿದ್ಯೇ? ಮೀನು ನಾರ್ತದೆ, ದೂರ ನಿಲ್ಲು" ಎಂದಳು.

"ನಾರ್ಲಿ" ಎಂದು ಕೆಳಗಿನ ಬುಟ್ಟಿಯನ್ನು ತಲೆಗೇರಿಸಿದೆ. ಮೀನಿನ ನೀರು ಹೊಸ ರೇಷ್ಮೆ ಸೀರೆಯ ಮೇಲೆ ಇಳಿಯಿತು. ಅವಳು ಮೇಲಿನ ಕೇರಿಯ ಕಡೆಗೆ ನಡೆದಳು. ನಾನು ಹಿಂದೆ.

ಮೊದಲ ಮನೆಯ ಅಮ್ಮ ಪಾತ್ರೆ ಹಿಡಿದು ಹೊರಗೆ ಬಂದವರು ನನ್ನನ್ನು ನೋಡಿ ಗದರಿದರು. "ಅಂತೂ ಬಂದ್ಯಾ ಮಾರಾಯ್ತಿ! ನಾಲ್ಕು ವರ್ಷದಿಂದ ಇವಳದ್ದು ಒಂದೇ ಹಾಡು, ಇದು ತಂಗಿ ಮನೆ, ತಂಗಿ ಬರೋತನಕ ಕೊಡ್ತೆ ಅಷ್ಟೇ ಅಂತ. ಕೇರಿಗೆ ಬೇರೆ ಯಾರನ್ನೂ ಬಿಡ್ಲಿಲ್ಲ!"

ನನಗೆ ಅಲ್ಲೇ, ಅವರ ಅಂಗಳದಲ್ಲೇ ಅಳು ಬಂತು. ಅತ್ತಿಗೆ ಬಾಯ್ತುಂಬ ನಕ್ಕಳು.

"ಅಳೋದು ಆಮೇಲೆ. ಮೊದ್ಲು ಮೀನು ಕೊಡು" ಎಂದಳು.