ಸಾವಿತ್ರೆವ್ವ ಮತ್ತು ನೀಲಿ ಅಂಗಿ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಬೆಳೆದ ಸಾವಿತ್ರೆವ್ವ ಯಾವ ಸೀರೆಯನ್ನೂ ಅಂಗಡಿಯವನ ಮಾತಿನ ಮೇಲೆ ಕೊಂಡವಳಲ್ಲ. ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯುವಳು. ಕೂದಲು ಸುಟ್ಟ ನಾತ ಬಂದರೆ ರೇಷ್ಮೆ, ಕಾಗದ ಸುಟ್ಟ ನಾತ ಬಂದರೆ ಅಂಗಡಿಯವನ ಜನ್ಮ ಜಾಲಾಡುವಳು. ಹಾಲಿಗೆ ಬೆರಳು ಅದ್ದುವಳು, ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ವಿಚಾರಣೆ ಮಾಡುವಳು. ಸಂಗಯ್ಯನ ಸಂಗ ಮದುವೆಯಾದ ಮೇಲಿನದು, ಸಂಶಯದ ಸಂಗ ಹುಟ್ಟಿದಾಗಿನದು. ಹಾಗಾಗಿ ಎರಡನೆಯದಕ್ಕೆ ಮನೆಯಲ್ಲಿ ಹಿರಿತನ ಇತ್ತು.

ಗಂಡ ಸಂಗಯ್ಯ ಜಂಗಮರ ಮನೆತನದವನಾದರೂ ಮಠ ಬಿಟ್ಟು ಮಿಲ್ಲು ಸೇರಿದವನು. ಅಹಮದಾಬಾದಿನ ಬಟ್ಟೆ ಗಿರಣಿಯಲ್ಲಿ ಫಿಟ್ಟರ್. ಅಣ್ಣ ಇಳಕಲ್ಲಿನಲ್ಲೇ ಇದ್ದು, ಭಕ್ತರ ಮನೆಯ ಮಕ್ಕಳಿಗೆ ಲಿಂಗ ಕಟ್ಟುವ ಮನೆತನದ ಕೆಲಸ ನೋಡಿಕೊಳ್ಳುತ್ತಿದ್ದ. ಅವನು ತೀರಿಕೊಂಡ ಮೇಲೆ ಓಣಿಯ ಹಿರಿಯರು ಹೇಳಿ ಕಳಿಸಿದರು: ಶ್ರಾವಣದ ಕೊನೆಯ ಸೋಮವಾರ ಅಣ್ಣನ ಮಗನಿಗೆ ದೀಕ್ಷೆ, ಲಿಂಗ ಕಟ್ಟಲು ಈಗ ನೀನೇ ಅಯ್ಯ, ಬಂದು ನಿಲ್ಲು. ಸಂಗಯ್ಯ ನೌಕರಿಗೆ ಶರಣು ಹೊಡೆದು ಊರಿಗೆ ಹೊರಟ.

ಹೊರಟದ್ದು ರೈಲಿನಲ್ಲಲ್ಲ, ಜೀಪಿನಲ್ಲಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದನ್ನು ತಂದು, ರಜೆಯ ದಿನವೆಲ್ಲ ಅದರ ಕೆಳಗೆ ಮಲಗಿ, ಜೀವ ತುಂಬಿದ್ದ. ಜೀಪಿಗೆ ಬ್ರೇಕು ಇತ್ತೋ ಇಲ್ಲವೋ, ಸಾವಿತ್ರೆವ್ವನ ಸಂಶಯಕ್ಕಂತೂ ಇರಲಿಲ್ಲ. ರೈಲು ಬಿಟ್ಟು ಜೀಪು ಯಾಕೆ? ರೈಲು ಹಳಿ ಬಿಟ್ಟು ಆಚೀಚೆ ಹೋಗುವುದಿಲ್ಲ, ಜೀಪು ಹೋಗುತ್ತದೆ. ಗಂಡಸಿಗೆ ಆಚೀಚೆ ಏನು ಕೆಲಸ?

ಕೇಳಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆ, ಕೇಳದಿದ್ದರೆ ಸತ್ಯ ಸಿಗುತ್ತದೆ ಎಂಬುದು ಅವಳ ಜೀವನದ ಸೂತ್ರ.

ಭರೂಚಿನಲ್ಲಿ ನರ್ಮದೆ ಸಮುದ್ರದ ಹಾಗೆ ಅಗಲವಾಗಿ ಹರಿಯುತ್ತಿತ್ತು. ನಾಶಿಕ ದಾಟುವಾಗ ದ್ರಾಕ್ಷಿಯ ಚಪ್ಪರಗಳು ಬಂದವು, ಪುಣೆಯಿಂದಾಚೆ ಘಟ್ಟದ ಮೋಡ ಜೀಪಿನೊಳಗೇ ಬಂದು ಕುಳಿತು ಟ್ರಂಕು ತೊಯ್ಸಿತು. ಕರಾಡದಲ್ಲಿ ಕೃಷ್ಣೆ ಕೆಂಪಾಗಿದ್ದಳು. ನಿಪ್ಪಾಣಿಯ ತಂಬಾಕಿನ ಗಾಳಿಗೆ ಇಬ್ಬರೂ ಸೀನಿದರು. ಸಂಗಯ್ಯ ನೋಡು ನೋಡು ಎಂದು ಹೊರಗೆ ತೋರಿಸಿದ. ಸಾವಿತ್ರೆವ್ವ ಅವನನ್ನೇ ನೋಡಿದಳು. ಮುಂಬಯಿ ಸರಕಾರದ ಪಾನನಿರೋಧದ ಕಾಲ, ಅಲ್ಲಲ್ಲಿ ಪೊಲೀಸರ ನಾಕಾ. ಹೆಸರು ನಾಕ, ಅನುಭವ ನರಕ. ಪೊಲೀಸರು ಟ್ರಂಕು ಮೂಸಿ ಬಿಟ್ಟರು. ಗಂಡ ಕೆಳಗಿಳಿದು ಹೋಗಿ ಬಂದಾಗಲೆಲ್ಲ ಸಾವಿತ್ರೆವ್ವ ಅವನ ಬಾಯಿ ಮೂಸಿದಳು. ಸರಕಾರಕ್ಕಿಂತ ಅವಳ ಮೂಗು ಚುರುಕು. ಆದರೂ ಬೆಳಗಾವಿಯವರೆಗೆ ಏನೂ ಸಿಗಲಿಲ್ಲ. ಏನೂ ಸಿಗದಿರುವುದೇ ಒಂದು ಸಂಶಯದ ವಿಷಯ.

ಸಿಕ್ಕಿದ್ದು ಕುಳಗೇರಿ ಕ್ರಾಸಿನಲ್ಲಿ.

ರಾಮದುರ್ಗ ದಾಟಿ ಎರೆಭೂಮಿಯಲ್ಲಿ ಬರುವಾಗಲೇ ರೇಡಿಯೇಟರಿನ ನೀರು ಕುದ್ದು ಜೀಪಿನ ಮೂತಿಯಿಂದ ಹಬೆ ಏಳುತ್ತಿತ್ತು. ಕ್ರಾಸಿನಲ್ಲಿ ಒಂದು ಚಹಾದ ಅಂಗಡಿ, ಹಿಂದೆ ಬೇಲಿ, ಬೇಲಿಯಾಚೆ ಮನೆ. ಅಂಗಡಿಯಾಕೆ ಬಸಲಿಂಗವ್ವ, ಮೈಕೈ ತುಂಬಿದ, ಮೂಗುತಿಯ ಹೆಂಗಸು. ಆಕೆಯ ಗಂಡ ಗಾಡಿ ಹೊಡೆದುಕೊಂಡು ಕೆರೂರಿನ ಸಂತೆಗೆ ಹೋಗಿದ್ದ.

"ನೀರು ತರ್ತೇನಿ. ಅಲ್ಲೀತನಾ ಆ ಮುಚ್ಚಳಾ ತಗೀಬ್ಯಾಡ್ರಿ, ಆರ್ಲಿ," ಎಂದು ಹೇಳಿ ಸಾವಿತ್ರೆವ್ವ ಕೊಡ ಹಿಡಿದು ಬಾವಿಗೆ ಹೋದಳು.

"ನಾ ಫಿಟ್ಟರ್ ಅದೇನಿ, ನನಗ ಕಲಿಸ್ತೀ?" ಎಂದ ಸಂಗಯ್ಯ.

ಅವಳು ಕೊಡ ಹೊತ್ತು ತಿರುಗಿ ಬಂದಾಗ ಬಸಲಿಂಗವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಸಂಗಯ್ಯನೂ ನಗುತ್ತಿದ್ದ, ಆದರೆ ಕಳ್ಳ ಬೆಕ್ಕಿನ ನಗೆ. ಇವಳನ್ನು ಕಂಡದ್ದೇ ಇಬ್ಬರ ನಗೆಯೂ ಆರಿತು. ಇನ್ನೊಂದು ಸಂಗತಿ ಕೊಡ ಇಳಿಸುವಷ್ಟರಲ್ಲಿ ಕಣ್ಣಿಗೆ ಬಿತ್ತು. ಬಾವಿಗೆ ಹೋಗುವಾಗ ಗಂಡ ನೀಲಿ ಅಂಗಿಯಲ್ಲಿದ್ದ. ಈಗ ಬಿಳಿ ಅಂಗಿಯಲ್ಲಿದ್ದಾನೆ.

ಚಹಾದ ಅಂಗಡಿಯಲ್ಲಿ ಗಂಡಸು ಅಂಗಿ ಯಾಕೆ ಬದಲಿಸುತ್ತಾನೆ?

ಜೀಪು ಹೊರಟಿತು. ಹೊಲಗಳು ಮುಗಿದು ಬಾದಾಮಿಯ ಕೆಂಪು ಗುಡ್ಡಗಳು ಎದ್ದು ನಿಂತಾಗ, ಸೂರ್ಯ ಮುಳುಗುವ ಬೆಳಕಿನಲ್ಲಿ ಬಂಡೆಗಳೆಲ್ಲ ಕಾದ ಹಂಚಿನ ಹಾಗೆ ಕಂಡವು. ಅವಳ ಒಳಗೂ ಒಂದು ಹಂಚು ಕಾದಿತ್ತು. ಗಂಡನ ಭುಜದಿಂದ ಬೆಣ್ಣೆಯ ವಾಸನೆ ಬರುತ್ತಿತ್ತು. ಬೆಣ್ಣೆ ತಿಂದರೆ ಬಾಯಿ ನಾರಬೇಕು, ಭುಜ ಯಾಕೆ ನಾರುತ್ತದೆ?

ಬಾದಾಮಿ ಸೇರುತ್ತಿದ್ದಂತೆ ಜೀಪಿನ ಹಿಂದಿನ ಸ್ಪ್ರಿಂಗಿನ ಪಾಟಾ ಲಟಕ್ಕನೆ ಮುರಿಯಿತು. ಹೊಸದು ಗದಗಿನಿಂದ ರೈಲಿನಲ್ಲಿ ಬರಬೇಕು. ಧರ್ಮಶಾಲೆಯಲ್ಲಿ ಇಳಿದುಕೊಂಡರು.

ಮರುದಿನ ಬೆಳಿಗ್ಗೆ ಕೆರೆಗೆ ಸ್ನಾನಕ್ಕೆ ಹೋದ ಸಂಗಯ್ಯ ಬೇರೆಯೇ ಮನುಷ್ಯನಾಗಿ ಬಂದ. ಮುಖ ಬೂದಿಯಾಗಿತ್ತು. ಸೆಕೆಯಲ್ಲೂ ಶಾಲನ್ನು ಎದೆಗೆ ಬಿಗಿಯಾಗಿ ಸುತ್ತಿದ್ದ. ರೊಟ್ಟಿ, ಪುಂಡಿಪಲ್ಯ ಬಡಿಸಿದರೆ ತಾಟು ದೂಡಿದ.

"ನನಗ ಉಪಾಸ. ಶ್ರಾವಣ ಅಲ್ಲೇನು?"

"ನಿನ್ನಿನೂ ಶ್ರಾವಣಾನ ಇತ್ತು. ನಿನ್ನಿ ಚುರುಮುರಿ ತಿಂದ್ರಿ."

"ಇವತ್ತಿಂದ ಹಿಡದೇನಿ. ನೀ ಉಣ್ಣು."

ಮದುವೆಯಾದಾಗಿನಿಂದ ಒಂದು ಹೊತ್ತೂ ಉಪವಾಸ ಮಾಡದ ಮನುಷ್ಯ! ಗಂಡ ಉಣ್ಣದೆ ತಾನು ಉಣ್ಣುವುದು ಅವಳ ಪದ್ಧತಿಯಲ್ಲ. ಆದರೆ ಸಂಶಯವನ್ನು ಖಾಲಿ ಹೊಟ್ಟೆಯಲ್ಲಿ ಸಾಕುವುದು ಕಷ್ಟ. ಅವನು ಜೀಪಿನ ಹತ್ತಿರ ಹೋದಾಗ ಗೋಡೆಗೆ ಮುಖ ಮಾಡಿ ಒಂದು ಹಿಡಿ ಅವಲಕ್ಕಿ ಮುಕ್ಕಿದಳು. ಮುಕ್ಕುತ್ತ ಯೋಚಿಸಿದಳು. ಹೆಣ್ಣಿನ ಗುಂಗಿದ್ದವನಿಗೆ ಊಟ ಸೇರುವುದಿಲ್ಲ ಅನ್ನುತ್ತಾರೆ. ಅಥವಾ ಎದೆಯ ರೋಗವೋ? ಅಹಮದಾಬಾದಿನ ದವಾಖಾನಿಯವರು ಏನಾದರೂ ಹೇಳಿ, ಇವರು ಮುಚ್ಚಿಟ್ಟರೋ? ಯಾವುದಾದರೂ ಆಗಲಿ, ಆ ನೀಲಿ ಅಂಗಿ ಯಾವುದಕ್ಕೂ ಹೊಂದುತ್ತಿರಲಿಲ್ಲ. ಟ್ರಂಕು ಬಿಚ್ಚಿ ತಳದವರೆಗೆ ಹುಡುಕಿದಳು. ಅಂಗಿ ಇಲ್ಲ. ಗಂಡ ಅದರ ಸುದ್ದಿ ಎತ್ತಲೂ ಇಲ್ಲ. ತನಗೆಷ್ಟು ಅಂಗಿ ಇವೆಯೆಂಬುದು ಯಾವ ಗಂಡಸಿಗೂ ಗೊತ್ತಿರುವುದಿಲ್ಲ, ಅದು ಹೆಂಡತಿಗೆ ಗೊತ್ತಿರುತ್ತದೆ ಎಂಬುದೂ ಗೊತ್ತಿರುವುದಿಲ್ಲ.

ಅದರ ಮರುದಿನವೂ ನಸುಕಿನಲ್ಲೇ ಗಿಂಡಿ, ವಿಭೂತಿ, ಪತ್ರಿ ಹಿಡಿದು ಒಬ್ಬನೇ ಹೊರಟ. ದಿನಾ ಇಬ್ಬರೂ ಎದುರುಬದುರು ಕುಳಿತು ಪೂಜೆ ಮಾಡಿಕೊಳ್ಳುವುದು ರೂಢಿ. "ಅಲ್ಲಿ ಶಾಂತ ಇರ್ತೈತಿ," ಎಂದ. ಶಾಂತವೋ ಶಾಂತವ್ವನೋ ನೋಡಿಯೇ ಬಿಡೋಣ ಎಂದು ಸಾವಿತ್ರೆವ್ವ ಹಿಂದೆ ಹೊರಟಳು.

ಕೆರೆಯ ದಂಡೆ ಹಿಡಿದು ಹೋಗಿ ಅವನು ಒಂದು ದೊಡ್ಡ ಬಂಡೆಯ ಮರೆಗೆ ಕುಳಿತ. ಅವಳು ಬಂಡೆಯ ಈಚೆಯಿಂದ ಇಣುಕಿದಳು. ಹೆಂಗಸು ಇರಲಿಲ್ಲ, ಸೀಸೆ ಇರಲಿಲ್ಲ. ಸಂಗಯ್ಯ ನೀರಿಗೆ ಮುಖ ಮಾಡಿ, ಹಣೆಗೆ ವಿಭೂತಿ ಧರಿಸಿ, ಎಡಗೈಯನ್ನು ಎದೆಯ ಮಟ್ಟಕ್ಕೆ ಚಾಚಿ ಕುಳಿತಿದ್ದ. ಬಲಗೈಯಿಂದ ಗಿಂಡಿಯ ನೀರು ಹನಿಸಿದ. ಪತ್ರಿ ಏರಿಸಿದ. ತುಟಿ ಮಂತ್ರ ಹೇಳುತ್ತಿತ್ತು.

ಅಂಗೈಯಲ್ಲಿ ಲಿಂಗ ಇರಲಿಲ್ಲ.

ಬರಿಯ ಅಂಗೈಯ ಮೇಲೆ ಪತ್ರಿ ಇತ್ತು, ನೀರು ಬೆರಳ ಸಂದಿಯಿಂದ ಸೋರುತ್ತಿತ್ತು. ಅವನು ಅಂಗೈಯನ್ನೇ ನೋಡುತ್ತಿದ್ದ. ಬೋಳು ಕೊರಳಲ್ಲಿ ಶಿವದಾರವೂ ಇಲ್ಲ, ಲಿಂಗ ಇಡುವ ಬೆಳ್ಳಿಯ ಕರಡಿಗೆಯೂ ಇಲ್ಲ.

ಸಾವಿತ್ರೆವ್ವನ ಕೈ ತಾನಾಗಿ ತನ್ನ ಕೊರಳಿಗೆ ಹೋಯಿತು. ತನ್ನ ಲಿಂಗ ಅಲ್ಲೇ ಇತ್ತು. ಮೈಮೇಲಿನ ಲಿಂಗ ಹೋದರೆ ಅದು ಸಿಗುವವರೆಗೆ, ಇಲ್ಲವೆ ಗುರುವಿನಿಂದ ಬೇರೆ ಪಡೆಯುವವರೆಗೆ, ಬಾಯಿಗೆ ಅನ್ನವಿಲ್ಲ. ಗುರುವಿನ ಹತ್ತಿರ ಹೋಗಿ ಬೇಡಲಿಕ್ಕೆ ಈತ ಸಾಮಾನ್ಯ ಭಕ್ತನೇ? ಸೋಮವಾರ ಹುಡುಗನಿಗೆ ಲಿಂಗ ಕಟ್ಟಿ 'ಪ್ರಾಣ ಹೋದರೂ ಇದನ್ನು ಬಿಡಬೇಡ' ಎಂದು ಹೇಳಬೇಕಾದ ಅಯ್ಯ! ಕಟ್ಟುವವನೇ ಕಳಕೊಂಡ ಎಂದು ಇಳಕಲ್ಲು ನಕ್ಕರೆ ಈ ಮನುಷ್ಯ ಮತ್ತೆ ತಲೆ ಎತ್ತುವುದಿಲ್ಲ. ಹೆಂಡತಿಗೂ ಹೇಳದೆ ಹಸಿದು ಕುಳಿತದ್ದು ಅದಕ್ಕೇ.

ಬಂಡೆಗೆ ಒರಗಿ ನಿಂತು ಅವಳು ದಾರಿಯುದ್ದಕ್ಕೂ ಗಂಡನ ಮೇಲಿಟ್ಟ ಸಂಶಯವನ್ನೆಲ್ಲ ಎಳೆ ಎಳೆಯಾಗಿ ಬಿಚ್ಚಿದಳು. ಬೆಳಗಾವಿಯಲ್ಲಿ ಕರಡಿಗೆ ಇತ್ತು, ಬಾಯಿ ಮೂಸಲು ಬಗ್ಗಿದಾಗ ಕೈಗೆ ತಾಗಿತ್ತು. ಕುಳಗೇರಿಯಲ್ಲಿ ಚಹಾ ಕುಡಿಯುವಾಗಲೂ ಇತ್ತು, ನೀಲಿ ಅಂಗಿಯ ಮೇಲಿನ ಗುಂಡಿ ಹೋಗಿ ಎರಡು ತಿಂಗಳು, ಆ ಸಂದಿಯಲ್ಲಿ ಬೆಳ್ಳಿ ಮಿಂಚುತ್ತಿತ್ತು. ಅಂಗಿಯೊಳಗೆ ಅಂಗ, ಅಂಗದ ಮೇಲೆ ಲಿಂಗ. ಅಂಗಿಯನ್ನೇ ತಲೆಯಿಂದ ಎಳೆದು ಬಿಸಾಕಿದರೆ?

ಸದ್ದಿಲ್ಲದೆ ಧರ್ಮಶಾಲೆಗೆ ಮರಳಿದಳು. ಆಮೇಲೆ ಬಂದ ಗಂಡನಿಗೆ, "ಬನಶಂಕರಿಗೆ ಹೋಗಿ ಬರ್ತೇನಿ," ಎಂದಳು.

"ಒಬ್ಬಾಕಿನ?" ಎಂದು ಈಗ ಅವನು ಸಂಶಯದಿಂದ ನೋಡಿದ.

"ಅಲ್ಲಿ ಶಾಂತ ಇರ್ತೈತಿ," ಎಂದು ಹೇಳಿ ಹೊರಬಿದ್ದು, ಬನಶಂಕರಿಗೆ ಬೆನ್ನು ಮಾಡಿ ಕುಳಗೇರಿಯ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಒಂದೇ ಲೆಕ್ಕ: ಬೆಳ್ಳಿಯ ಕರಡಿಗೆ, ಸಂತೆಯ ದಾರಿ, ಮೂಗುತಿಯ ಹೆಂಗಸು. ಇಷ್ಟು ಹೊತ್ತಿಗೆ ಕರಗಿಸಿ ಕಾಲುಂಗುರ ಮಾಡಿಸಿರದಿದ್ದರೆ ಪುಣ್ಯ.

ಬಸ್ಸು ಇಳಿಯುವುದನ್ನು ಕಂಡೇ ಬಸಲಿಂಗವ್ವ ಕೂಗಿದಳು: "ಬರ್ರಿ ಅಮ್ಮಾರ, ಬರ್ರಿ! ದಾರಿ ನೋಡಿ ನೋಡಿ ಕಣ್ಣು ಸೋತು."

"ಯಾರ ದಾರಿ?"

"ಅಯ್ಯಾರದು."

"ಅಯ್ಯಾರ ದಾರಿ ನೀ ಯಾಕ ನೋಡ್ತೀ?" ಸಾವಿತ್ರೆವ್ವನ ದನಿಗೆ ಒಲೆಯ ಮೇಲಿನ ಚಹಾ ಕೂಡ ಒಂದು ಕ್ಷಣ ಕುದಿಯುವುದನ್ನು ಬಿಟ್ಟಿತು.

"ಅಂಗಿ ಬಿಟ್ಟು ಹೋಗ್ಯಾರಲ್ರೀ! ನೀವು ನೀರಿಗೆ ಹೋದದ್ದ ತಡ, ಮುಚ್ಚಳಾ ತಗದ್ರು. ಕುದಿಯೋ ನೀರು ಚಿಮ್ಮಿ ಭುಜದ ಮ್ಯಾಲೆ ಬಿತ್ತು. ಅಂಗಿ ಕಿತ್ತಿ ಬೇಲಿಗೆ ಒಗದ್ರು. ಬೆಣ್ಣಿ ಕೊಟ್ನಿ, ಹಚ್ಕೊಂಡ್ರು. 'ನನ್ನ ಹೇಣ್ತಿಗೆ ಹೇಳಬ್ಯಾಡವಾ, ಫಿಟ್ಟರ್ ಅಂತ ಮಾನಾ ಕಳೀತಾಳ' ಅಂದ್ರು. ನಗು ತಡಿಲಿಲ್ರಿ ನನಗ."

"ಅಂಗಿ?"

"ಒಗದು ಇಟ್ಟೇನಿ. ಅಂಗಿ ಇರ್ಲಿ, ಒಳಗ ಬರ್ರಿ ಮೊದಲ."

ಒಳಗೆ ದೇವರ ಜಗುಲಿಯ ಮೇಲೆ ಬಿಳಿ ಅರಿವೆ ಹಾಸಿ, ಅದರ ಮೇಲೆ ಬೆಳ್ಳಿಯ ಕರಡಿಗೆ ಇತ್ತು. ಮುಂದೆ ದೀಪ, ಮೇಲೆ ಆ ದಿನದ ಕಣಗಿಲೆ ಹೂವು. "ಅಂಗಿಯೊಳಗ ದಾರ ಸಿಕ್ಕೊಂಡಿತ್ತು. ಬರಿಗೈಲೆ ಮುಟ್ಟಿಲ್ರವಾ, ಅರಿವ್ಯಾಗ ಹಿಡದು ಇಟ್ಟೇನಿ. ಯಾವೂರು ಅಂತ ಕೇಳಿರಲಿಲ್ಲ, ಎಲ್ಲಿ ಹುಡುಕಲಿ? ನಿನ್ನಿ ನಾದಿನಿ ಮನಿಯವರು ಕರಿಯಾಕ ಬಂದಿದ್ರು, ಅಯ್ಯಾರು ಬಂದ್ರ ಅಂಗಡಿ ಮುಚ್ಚಿರಬಾರದಂತ ಹೋಗಲಿಲ್ಲ."

ಸಾವಿತ್ರೆವ್ವ ಬಾಗಿ ನೋಡಿದಳು. ಅಭ್ಯಾಸ ಬಿಡುವುದಿಲ್ಲ. ಕರಡಿಗೆಯ ಒಂದು ಮೂಲೆಯಲ್ಲಿ ಗಿರಣಿಯ ಯಂತ್ರ ತಾಗಿ ಬಿದ್ದ ನೆಗ್ಗು ಇತ್ತು. ಅದೇ. ಬಸಲಿಂಗವ್ವ, ಬಾಗಿಲಿಗೆ ಬಂದ ಮುತ್ತೈದೆಯನ್ನು ಬರಿದೇ ಕಳಿಸಬಾರದೆಂದು ಕುಂಕುಮ ಹಚ್ಚಿ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ, ಅಡಿಕೆ, ಅವುಗಳ ನಡುವೆ ಅರಿವೆಯಲ್ಲಿ ಸುತ್ತಿದ ಕರಡಿಗೆ. ಬಾದಾಮಿಯವರೆಗೆ ಸಾವಿತ್ರೆವ್ವ ಎರಡೂ ಕೈಯಿಂದ ಉಡಿ ಹಿಡಿದು ಕುಳಿತಳು. ಬಸ್ಸು ಕುಲುಕಿದಾಗಲೆಲ್ಲ ಕಂಡಕ್ಟರನನ್ನು ದುರುಗುಟ್ಟಿ ನೋಡಿದಳು.

ಧರ್ಮಶಾಲೆಯ ಕಟ್ಟೆಯ ಮೇಲೆ ಸಂಗಯ್ಯ ಕಂಬಕ್ಕೆ ಒರಗಿದ್ದ. ಹೊಸ ಪಾಟಾ ಬಂದಿತ್ತು, ಅದನ್ನು ಹಾಕುವ ತ್ರಾಣ ಇರಲಿಲ್ಲ.

"ಬನಶಂಕರಿ ಏನಂದ್ಲು?"

"ಮುಚ್ಚಳಾ ತಗೀಬ್ಯಾಡ ಅಂದಿದ್ನಿ, ಯಾಕ ತಗದ ಅಂತ ಕೇಳಿದ್ಲು," ಎಂದು ಸಾವಿತ್ರೆವ್ವ ಉಡಿ ಬಿಚ್ಚಿದಳು.

ಅವನು ಅರಿವೆಯನ್ನು ನೋಡಿದ, ಅದರ ಮಡಿಕೆ ಸಡಲಿ ಕಂಡ ಬೆಳ್ಳಿಯನ್ನು ನೋಡಿದ. ಕೈ ಚಾಚಿದ, ಹಿಂದಕ್ಕೆ ತೆಗೆದು ಪಂಚೆಗೆ ಒರೆಸಿ ಮತ್ತೆ ಚಾಚಿದ. ಬಹಳ ಹೊತ್ತು ಕಣ್ಣಿಗೊತ್ತಿಕೊಂಡು ಕುಳಿತ.

"ನಿನಗ ಹೆಂಗ ಗೊತ್ತಾತು?"

"ನಿಮ್ಮ ಮ್ಯಾಲೆ ಸಂಶೇ ಇತ್ತು, ಅದಕ್ಕ ಎಲ್ಲಾ ನೆನಪಿತ್ತು. ನಂಬಿಗಿ ಇಟ್ಟಿದ್ರ ನಾನೂ ನಿಮ್ಮಂಗ ಕುಂತಿರ್ತಿದ್ನಿ. ಹೋಗ್ರಿ, ಜಳಕಾ ಮಾಡಿ ಬರ್ರಿ. ರೊಟ್ಟಿ ಬಡೀತೇನಿ."

ಆ ದಿನ ಇಬ್ಬರೂ ಎದುರುಬದುರು ಕುಳಿತು ಪೂಜೆ ಮಾಡಿಕೊಂಡರು. ಸಂಗಯ್ಯ ಎಷ್ಟು ರೊಟ್ಟಿ ತಿಂದನೆಂದು ಸಾವಿತ್ರೆವ್ವ ಎಣಿಸಲಿಲ್ಲ. ಅವಳ ಜೀವಮಾನದಲ್ಲಿ ಎಣಿಸದೆ ಬಿಟ್ಟದ್ದು ಅದೊಂದೇ.

ಭಾನುವಾರ ಜೀಪು ಹೊರಟಿತು. ಹೇಳಿದ ಸುಳ್ಳನ್ನು ಖರೆ ಮಾಡಲು ಮೊದಲು ಬನಶಂಕರಿಯಲ್ಲಿ ಇಳಿದು ಕೈಮುಗಿದಳು. ಮಲಪ್ರಭೆ ದಾಟಿ, ಕೆಂಪು ಕಲ್ಲು ಹಿಂದಾಗಿ, ಮತ್ತೆ ಎರೆಹೊಲ ಬಂತು. ನೀಲಿ ಅಂಗಿ ತೊಟ್ಟ ಸಂಗಯ್ಯ ನಾಳೆ ಹುಡುಗನಿಗೆ ಹೇಳಬೇಕಾದದ್ದನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಜೀಪು ಓಡಿಸುತ್ತಿದ್ದ. ಎಡಗೈ ಆಗಾಗ ಎದೆಗೆ ಹೋಗಿ ಬರುತ್ತಿತ್ತು. ಸಾವಿತ್ರೆವ್ವನ ಕಣ್ಣು ಆ ಕೈಯ ಹಿಂದೆಯೇ ಹೋಗಿ ಅಲ್ಲೇ ನಿಂತಿತು.

"ಒಗದಾಳ, ಖರೆ," ಎಂದಳು. "ಗುಂಡಿ ಯಾಕ ಹಚ್ಚ್ಯಾಳ?"

"ಯಾವ ಗುಂಡಿ?"

"ಮ್ಯಾಲಿಂದು. ಎರಡು ತಿಂಗಳಿಂದ ಇರಲಿಲ್ಲ."

ಸಂಗಯ್ಯ ಒಂದು ತಗ್ಗು ತಪ್ಪಿಸಿ ಮೆಲ್ಲಗೆ ಕೇಳಿದ, "ಇಲ್ಲ ಅನ್ನೋದು ಎರಡು ತಿಂಗಳಿಂದ ಗೊತ್ತಿತ್ತೇನು ನಿನಗ?"

ಸಾವಿತ್ರೆವ್ವ ಗುಡೂರಿನ ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಲು ಹೇಳಿದಳು. ಚೀಲದಿಂದ ಸೂಜಿ ತೆಗೆದಳು. ಗಂಡನ ಎದೆಗೆ ಬಗ್ಗಿ, ಬಸಲಿಂಗವ್ವ ಹಾಕಿದ ದಾರವನ್ನು ಹಲ್ಲಿನಿಂದ ಕಡಿದು, ಅದೇ ಗುಂಡಿಯನ್ನು ಅದೇ ಜಾಗದಲ್ಲಿ ತನ್ನ ದಾರದಿಂದ ಹೊಲಿದಳು.

"ಈಗ ನಡೀರಿ," ಎಂದಳು.